ವರದಿಯಲ್ಲಿ ಕಾಣದ ನೋವು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮಡಿಲಲ್ಲಿ ಗೆರಸೆಯಿಟ್ಟು ಬೀಡಿ ಕಟ್ಟುವ ಮಹಿಳೆಯರನ್ನು ನೀವು ನೋಡಿರಬಹುದು. ಗಂಟೆಗಟ್ಟಲೆ ತಲೆ ಬಗ್ಗಿಸಿ ಕುಳಿತರೆ ಕುತ್ತಿಗೆ, ಬೆನ್ನು ನೋಯುವುದು ಸಹಜ. ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಮೈಯೆಲ್ಲ ನೋವು, ನಿದ್ದೆಯಿಂದಲೂ ನೀಗದ ಆಯಾಸ ತಿಂಗಳುಗಟ್ಟಲೆ ಉಳಿದು, ರಕ್ತಪರೀಕ್ಷೆ, ಎಕ್ಸ್-ರೇ ಎಲ್ಲ ಸರಿಯಾಗಿದ್ದರೆ? ಅದು ಫೈಬ್ರೊಮಯಾಲ್ಜಿಯ ಇರಬಹುದು. ‘ನಿಮಗೇನೂ ಆಗಿಲ್ಲ’ ಎಂಬ ಮಾತನ್ನು ಇಂಥ ರೋಗಿಗಳು ಬಹುಕಾಲ ಕೇಳಬೇಕಾಯಿತು. ಏಕೆ?

1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ ಇಂಥ ನೋವಿಗೆ ನಾರು ಅಂಗಾಂಶದ ಉರಿಯೂತ ಕಾರಣವೆಂದು ಭಾವಿಸಿ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟರು. ಹುಡುಕಿದವರಿಗೆ ಉರಿಯೂತ ಸಿಗಲಿಲ್ಲ. 1976ರಲ್ಲಿ ಈಗಿನ ಹೆಸರು ಬಂದಿತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ದೇಹದ 18 ನಿರ್ದಿಷ್ಟ ಬಿಂದುಗಳನ್ನು ಒತ್ತಿದಾಗ 11ರಲ್ಲಾದರೂ ನೋವಿರಬೇಕೆಂದರು. 2010ರ ಮಾನದಂಡ ಬಿಂದುಗಳನ್ನು ಕೈಬಿಟ್ಟು ನಿದ್ದೆ, ಆಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

ಮಿದುಳು, ಬೆನ್ನುಹುರಿಗಳು ನೋವಿನ ಸಂಕೇತವನ್ನು ರೇಡಿಯೋದ ಧ್ವನಿ ಏರಿಸಿದಂತೆ ಹಿಗ್ಗಿಸುತ್ತವೆ ಎಂಬುದು ಇಂದಿನ ತಿಳಿವಳಿಕೆ. ಆದ್ದರಿಂದಲೇ ಉರಿಯೂತ ತಗ್ಗಿಸುವ ಮಾತ್ರೆಗಳು ಇಲ್ಲಿ ಅಷ್ಟಾಗಿ ಫಲಿಸುವುದಿಲ್ಲ. ನರಮಂಡಲದ ಮೇಲೆ ವರ್ತಿಸುವ ಅಮಿಟ್ರಿಪ್ಟಿಲಿನ್, ಪ್ರಿಗಾಬಲಿನ್ ಔಷಧಗಳು ಕೆಲವರಿಗಷ್ಟೇ ನೆರವಾಗುತ್ತವೆ. 2016ರಲ್ಲಿ ಯುರೋಪಿನ ತಜ್ಞರು ಪುರಾವೆಗಳನ್ನು ತೂಗಿದಾಗ ‘ಬಲವಾದ ಶಿಫಾರಸು’ ಪಡೆದದ್ದು ಒಂದೇ: ವ್ಯಾಯಾಮ. ನಿಧಾನವಾಗಿ ಆರಂಭಿಸಿ ಕ್ರಮೇಣ ಹೆಚ್ಚಿಸುವ ನಡಿಗೆಯೂ ವ್ಯಾಯಾಮವೇ.

ಆದರೆ ಸಾವಿರ ಬೀಡಿಗೆ ಇಷ್ಟೆಂದು ಮಜೂರಿ ಪಡೆಯುವವರಿಗೆ ನಡೆಯಲು ಬಿಡುವೆಲ್ಲಿ? ಚಿಕಿತ್ಸೆಯ ಮೊದಲ ಹೆಜ್ಜೆಯಾಗಿ ಮನೆಯವರು ಆ ನೋವನ್ನು ನಂಬಬೇಕು. ನಿಮ್ಮ ವಿದ್ಯಾರ್ಥಿಯ ತಾಯಿಗೂ ಈ ನೋವಿರಬಹುದು; ತರಗತಿಯಲ್ಲಿ ಇದನ್ನು ಹೇಳಿ.