ಸರದಿ ಮುಗಿದ ಪೊಲೀಸಿನವನ ಅಧಿಕಾರ

1829ರಲ್ಲಿ ರಾಬರ್ಟ್ ಪೀಲನು ಲಂಡನ್ನಿಗೆ ಹೊಸ ಪೊಲೀಸ್ ಪಡೆಯನ್ನು ಕಟ್ಟಿದಾಗ, ಸರ್ಕಾರವು ಪ್ರಜೆಗಳ ನಡುವೆ ಗೂಢಚಾರರನ್ನು ಬಿಡುತ್ತಿದೆಯೆಂಬ ಶಂಕೆ ಅಲ್ಲಿನ ಜನರಲ್ಲಿ ಎಷ್ಟು ಪ್ರಬಲವಾಗಿದ್ದಿತೆಂದರೆ, ಪೇದೆಯಾದವನು ತನ್ನ ಸರದಿ ಮುಗಿದ ಮೇಲೂ ನೀಲಿಯ ಸಮವಸ್ತ್ರವನ್ನು ಕಳಚದೆ ತಿರುಗಬೇಕೆಂದು ನಿಯಮವಾಯಿತು. ಎದುರಿಗೆ ಬರುವವನು ಕರ್ತವ್ಯದಲ್ಲಿರುವನೋ ವಿರಾಮದಲ್ಲಿರುವನೋ ಎಂಬುದು ತಿಳಿಯಲೆಂದು ಅವನ ಎಡತೋಳಿನ ತುದಿಗೆ ನೀಲಿ ಬಿಳಿ ಗೆರೆಗಳ ಪಟ್ಟಿಯೊಂದನ್ನು ಕಟ್ಟಿಸಿದರು. ಪಟ್ಟಿಯಿದ್ದರೆ ಕರ್ತವ್ಯ, ಬಿಚ್ಚಿದರೆ ವಿರಾಮ.

ನಮ್ಮ ದೇಶಕ್ಕೆ 1861ರ ಪೊಲೀಸ್ ಕಾಯಿದೆಯನ್ನು ರಚಿಸಿದವರು ಈ ಪಟ್ಟಿಯ ಗೊಡವೆಗೇ ಹೋಗಲಿಲ್ಲ. ಪೊಲೀಸ್ ಅಧಿಕಾರಿಯನ್ನು ಸರ್ವದಾ ಕರ್ತವ್ಯನಿರತನೆಂದೇ ಭಾವಿಸತಕ್ಕದ್ದೆಂದು ಅದರ 22ನೆಯ ಪ್ರಕರಣ ವಿಧಿಸಿತು. ಧಾರವಾಡ ಬೆಳಗಾವಿಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ ಬಂದ 1951ರ ಮುಂಬಯಿ ಪೊಲೀಸ್ ಕಾಯಿದೆ, ರಜೆಯಲ್ಲಿರುವವನನ್ನೂ ಅಮಾನತಿನಲ್ಲಿರುವವನನ್ನೂ ಬಿಟ್ಟು, ಉಳಿದವರಿಗೆಲ್ಲ ಅದೇ ವಿಧಿಯನ್ನು ಅನ್ವಯಿಸಿತು. ಆಳುವವರಿಗೇನೋ ಅನುಕೂಲವೇ, ಪೇದೆಗೆ ಮಾತ್ರ, ಪಾಪ, ಊಟಕ್ಕೆ ಕುಳಿತಾಗಲೂ ಬಿಡುವೆಂಬುದಿಲ್ಲ.

ಆದರೆ ಮೋಟಾರುಗಾಡಿಗಳು ಬೀದಿಯನ್ನು ತುಂಬಿದ ಮೇಲೆ, ಕತ್ತಲಲ್ಲಿ ಕೈಯೆತ್ತಿ ಗಾಡಿಯನ್ನು ತಡೆದವನು ಪೊಲೀಸಿನವನೋ ದರೋಡೆಗಾರನೋ ಎಂಬುದನ್ನು ಚಾಲಕನು ಕ್ಷಣಾರ್ಧದಲ್ಲಿ ಅರಿಯಬೇಕಾದ ಸ್ಥಿತಿಯುಂಟಾಯಿತಾಗಿ, ಸದಾ ಕರ್ತವ್ಯವೆಂಬ ಹಳೆಯ ಕಲ್ಪನೆಯೊಂದೇ ರಸ್ತೆಗೆ ಸಾಲದಾಯಿತು. 1939ರ ಮೋಟಾರು ವಾಹನ ಕಾಯಿದೆ ಸರದಿಯ ಮಾತನ್ನೇ ಎತ್ತದೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸನ್ನು ತೋರಿಸತಕ್ಕದ್ದೆಂದಿತು. 1988ರ ಕಾಯಿದೆಯ 130ನೆಯ ಪ್ರಕರಣವೂ ಹಾಗೆಯೇ ಹೇಳುತ್ತದೆ. ಇಂಗ್ಲೆಂಡಿನಲ್ಲಿಯೂ 1967ರ ಕಾನೂನು ಕುಡಿದ ಚಾಲಕನ ಉಸಿರನ್ನು ಪರೀಕ್ಷಿಸುವ ಅಧಿಕಾರವನ್ನು ಸಮವಸ್ತ್ರಧಾರಿಗೇ ಕೊಟ್ಟಿತು. ಪರೀಕ್ಷಿಸಿದ ಪೇದೆಯ ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲವೆಂಬ ತಕರಾರು ವಾಲ್‌ವರ್ಕ್ ಮತ್ತು ಜೈಲ್ಸ್ ಮೊಕದ್ದಮೆಯಲ್ಲಿ ನ್ಯಾಯಾಲಯವನ್ನೇ ಮುಟ್ಟಿತು. ಮೈಮೇಲಿನ ಉಡುಪಿನಿಂದ ಆತನು ಪೊಲೀಸಿನವನೆಂದು ತಿಳಿಯುವಂತಿದ್ದುದರಿಂದ ಹೆಲ್ಮೆಟ್ಟಿಲ್ಲದೆಯೂ ಅದು ಸಮವಸ್ತ್ರವೇ ಎಂದು ತೀರ್ಪಾಯಿತು. ವಕೀಲರ ಜಾಣ್ಮೆಗೆ ಮೆಚ್ಚಬೇಕು, ತೀರ್ಪಿನ ವಿವೇಕಕ್ಕೆ ಇನ್ನೂ ಹೆಚ್ಚು ಮೆಚ್ಚಬೇಕು.

ಆದಕಾರಣ, ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲಿಯೇ ಮನೆಗೆ ಹೊರಟ ಪೇದೆ ಲೈಸೆನ್ಸು ಕೇಳಿದರೆ ತೋರಿಸಲೇಬೇಕು. ಅವನೇ ಸಂಜೆ ಪಂಚೆಯುಟ್ಟು ಬೀದಿಬಾಗಿಲಲ್ಲಿ ನಿಂತು ಕೇಳಿದರೆ 130ನೆಯ ಪ್ರಕರಣದ ಬಲ ಅವನಿಗಿಲ್ಲ. ದಂಡದ ಮಾತು ಬೇರೆ. ಹಣ ಪಡೆದು ಅಪರಾಧವನ್ನು ಸ್ಥಳದಲ್ಲಿಯೇ ಇತ್ಯರ್ಥಗೊಳಿಸುವ ಅಧಿಕಾರವನ್ನು 200ನೆಯ ಪ್ರಕರಣವು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ಅಧಿಕಾರಿಗಳಿಗೆ ಮಾತ್ರ ಕೊಟ್ಟಿದೆ.