ರೋಗಿಗಿಂತ ಮೊದಲು ಊರನ್ನು ನೋಡಿದವರು

ಹಿಜರಿ 17ರ ಸುಮಾರಿಗೆ, ಅಂದರೆ ಕ್ರಿ.ಶ. 638ರ ಆಸುಪಾಸಿನಲ್ಲಿ, ಇರಾಕಿನಿಂದ ಮದೀನಕ್ಕೆ ಬಂದ ನಿಯೋಗವೊಂದನ್ನು ಕಂಡು ಖಲೀಫ ಉಮರ್(ರ) ಚಿಂತಿತರಾದರು. ಮರುಭೂಮಿಯ ಬಯಲಿನಲ್ಲಿ ಬೆಳೆದು ಗಟ್ಟಿಮುಟ್ಟಾಗಿದ್ದ ಯೋಧರ ಮೈಬಣ್ಣ ಕಳೆಗುಂದಿತ್ತು, ದೇಹ ಸೊರಗಿತ್ತು. ಪರ್ಷಿಯನ್ನರ ರಾಜಧಾನಿಯಾಗಿದ್ದ ಮದಾಇನ್ ನಗರವನ್ನು ಗೆದ್ದ ಬಳಿಕ ಅವರು ಅಲ್ಲಿಯೇ ನೆಲೆಸಿದ್ದರು. ಉಮರ್(ರ) ದಳಪತಿ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಪತ್ರ ಬರೆದು ಇದರ ಕಾರಣವನ್ನು ಕೇಳಿದರು. ಆ ಪ್ರದೇಶದ ಹವೆ ನಮ್ಮವರಿಗೆ ಒಗ್ಗುತ್ತಿಲ್ಲ ಎಂಬ ಉತ್ತರ ಬಂತು. ಒಂಟೆಗಳಿಗೆ ಒಗ್ಗುವ ನೆಲವೇ ಅವುಗಳ ಒಡೆಯರಿಗೂ ಒಗ್ಗುತ್ತದೆ ಎಂಬುದು ಖಲೀಫರ ಅಭಿಪ್ರಾಯವಾಗಿತ್ತು. ಸೂಕ್ತ ಸ್ಥಳವನ್ನು ಹುಡುಕಲು ಸಲ್ಮಾನುಲ್ ಫಾರಿಸಿ(ರ) ಮತ್ತು ಹುದೈಫ(ರ) ಅವರನ್ನು ಕಳುಹಿಸಲಾಯಿತು. ಅವರು ಆರಿಸಿದ ನೆಲದಲ್ಲಿ ತಲೆಯೆತ್ತಿದ ಊರೇ ಕೂಫಾ. ಈ ವೃತ್ತಾಂತವನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಸೊರಗಿದ ಯೋಧರಿಗೆ ಯಾರೂ ಬರೀ ತಾಳ್ಮೆಯನ್ನು ಉಪದೇಶಿಸಲಿಲ್ಲ. ದೋಷವನ್ನು ಅವರ ಮೈಯಲ್ಲಿಯೋ ಅವರ ಈಮಾನಿನಲ್ಲಿಯೋ ಹುಡುಕಲಿಲ್ಲ. ಅವರು ವಾಸಿಸುವ ಸ್ಥಳ ಅವರಿಗೆ ಏನು ಮಾಡುತ್ತಿದೆ ಎಂದು ಕೇಳಿದರು. ಉತ್ತರ ತಿಳಿದಾಗ ಊರನ್ನೇ ಬದಲಿಸಿದರು.

ಮರುವರ್ಷ ಶಾಮಿನಲ್ಲಿ ಅಮ್ವಾಸ್ ಪ್ಲೇಗು ಕಾಣಿಸಿಕೊಂಡಿತು. ಪಿಡುಗು ಹಬ್ಬಿದ ನಾಡಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಪಲಾಯನ ಮಾಡಬಾರದು ಎಂಬ ಪ್ರವಾದಿ(ಸ)ಯವರ ಆದೇಶವನ್ನು ಕೇಳಿ ಉಮರ್(ರ) ದಾರಿಯಿಂದಲೇ ಹಿಂದಿರುಗಿದ ಪ್ರಸಂಗ ನಮ್ಮಲ್ಲಿ ಬಹುತೇಕರಿಗೆ ತಿಳಿದಿದೆ. ಅದರ ಮುಂದಿನ ಭಾಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ನೀವು ಜನರನ್ನು ತಗ್ಗಿನ, ತೇವದ ನೆಲದಲ್ಲಿ ಇಳಿಸಿದ್ದೀರಿ, ಎತ್ತರದ ಶುದ್ಧ ಹವೆಯ ಜಾಗಕ್ಕೆ ಕರೆದೊಯ್ಯಿರಿ ಎಂಬ ಆಶಯದ ಪತ್ರವನ್ನು ಅವರು ಅಬೂ ಉಬೈದ(ರ)ರಿಗೆ ಬರೆದರೆಂದು ವರದಿಗಳಿವೆ. ಅಬೂ ಉಬೈದ(ರ) ಮತ್ತು ಮುಆದ್ ಬಿನ್ ಜಬಲ್(ರ) ಅದೇ ಪಿಡುಗಿನಲ್ಲಿ ನಿಧನರಾದರು. ಕೊನೆಗೆ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳ ಕಡೆಗೆ ಕರೆದೊಯ್ದು ಚದುರಿಸಿದರು. ವಿಧಿಯಲ್ಲಿನ ವಿಶ್ವಾಸವೂ ನೆಲದ ಪರೀಕ್ಷೆಯೂ ಆ ತಲೆಮಾರಿನಲ್ಲಿ ಜೊತೆಜೊತೆಯಾಗಿ ನಡೆದವು.

ಮುಂದಿನ ಶತಮಾನಗಳಲ್ಲಿ ಗ್ರೀಕ್ ವೈದ್ಯಗ್ರಂಥಗಳು ಬಗ್ದಾದಿನಲ್ಲಿ ಅರಬಿಗೆ ಭಾಷಾಂತರಗೊಂಡಾಗ ಈ ಪ್ರಶ್ನೆಗೆ ಶಾಸ್ತ್ರದ ಚೌಕಟ್ಟು ದೊರೆಯಿತು. ಕ್ರೈಸ್ತ ವಿದ್ವಾಂಸ ಹುನೈನ್ ಬಿನ್ ಇಸ್‌ಹಾಕ್‌ರಿಂದ ಇಬ್ನ್ ಸೀನಾರವರೆಗೆ (980–1037) ಎಲ್ಲರೂ ಒಪ್ಪಿದ ತತ್ವವೊಂದಿತ್ತು. ಬದುಕಿರುವ ಯಾವ ಮನುಷ್ಯನೂ ತಪ್ಪಿಸಿಕೊಳ್ಳಲಾಗದ ಆರು ಸಂಗತಿಗಳಿವೆ: ಸುತ್ತಲಿನ ಗಾಳಿ; ಅನ್ನ ಮತ್ತು ನೀರು; ದೇಹದ ಚಲನೆ ಮತ್ತು ವಿಶ್ರಾಂತಿ; ನಿದ್ರೆ ಮತ್ತು ಎಚ್ಚರ; ದೇಹವು ಹೊರಹಾಕುವುದು ಮತ್ತು ಉಳಿಸಿಕೊಳ್ಳುವುದು; ಕೋಪ, ಭಯ, ದುಃಖ, ಸಂತೋಷಗಳೆಂಬ ಮನಸ್ಸಿನ ಸ್ಥಿತಿಗಳು. ಇವನ್ನು ಅಸ್ಬಾಬ್ ಸಿತ್ತ ಝರೂರಿಯ್ಯ, ಅಂದರೆ ಅನಿವಾರ್ಯವಾದ ಆರು ಕಾರಣಗಳು ಎಂದು ಕರೆದರು. ಇವು ಹದದಲ್ಲಿದ್ದರೆ ಆರೋಗ್ಯ, ಹದ ತಪ್ಪಿದರೆ ಅನಾರೋಗ್ಯ. ಔಷಧದ ಸರದಿ ಇವುಗಳ ನಂತರ ಬರುತ್ತದೆ. ಈ ಪಟ್ಟಿಯಲ್ಲಿ ಗಾಳಿಗೆ ಮೊದಲ ಸ್ಥಾನ ದೊರೆತಿರುವುದು ಅರ್ಥಪೂರ್ಣವಾಗಿದೆ. ಊಟವನ್ನು ಮನುಷ್ಯ ಸ್ವಲ್ಪಮಟ್ಟಿಗಾದರೂ ಆರಿಸಿಕೊಳ್ಳಬಲ್ಲನು. ಉಸಿರಾಡುವ ಗಾಳಿಯನ್ನು ಒಬ್ಬನೇ ಆರಿಸಿಕೊಳ್ಳಲಾರನು; ಅದು ಇಡೀ ಕೇರಿಯ ಸೊತ್ತು.

ಈ ತತ್ವವನ್ನು ತನ್ನ ಸ್ವಂತ ಊರಿಗೆ ಅನ್ವಯಿಸಿ ನೋಡಿದವರಲ್ಲಿ ಈಜಿಪ್ಟಿನ ಅಲೀ ಇಬ್ನ್ ರಿದ್ವಾನ್ ಪ್ರಮುಖರು. 988ರಲ್ಲಿ ಗೀಝಾದ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಬಹುಮಟ್ಟಿಗೆ ಸ್ವಂತ ಓದಿನಿಂದಲೇ ವೈದ್ಯರಾಗಿ, ಫಾತಿಮಿ ಆಳ್ವಿಕೆಯಲ್ಲಿ ಮುಖ್ಯ ವೈದ್ಯರ ಪದವಿಗೇರಿದರು. ಟ್ಯುನೀಷಿಯಾದ ಖೈರವಾನಿನ ವೈದ್ಯ ಇಬ್ನುಲ್ ಜಝ್ಝಾರ್ ಈಜಿಪ್ಟಿನ ಪಿಡುಗುಗಳ ಕಾರಣಗಳನ್ನು ಕುರಿತು ಬರೆದಿದ್ದರು. ನೆಲವನ್ನು ಕಣ್ಣಾರೆ ಕಾಣದೆ ಅದರ ರೋಗಗಳನ್ನು ವಿವರಿಸಲಾಗದು ಎಂಬುದು ಇಬ್ನ್ ರಿದ್ವಾನರ ಆಕ್ಷೇಪವಾಗಿತ್ತು. ಆದ್ದರಿಂದ ಈಜಿಪ್ಟಿನ ನೆಲದಲ್ಲಿ ದೇಹಕ್ಕೆ ಒದಗುವ ಹಾನಿಗಳ ನಿವಾರಣೆಯನ್ನು ಕುರಿತು ಅವರೇ ಒಂದು ಗ್ರಂಥವನ್ನು ರಚಿಸಿದರು.

ಅದರಲ್ಲಿ ಫುಸ್ತಾತ್ ನಗರದ ವರ್ಣನೆ ನಿಷ್ಠುರವಾಗಿದೆ. ಪೂರ್ವದಲ್ಲಿ ಮುಕತ್ತಮ್ ಬೆಟ್ಟ ಗಾಳಿಯನ್ನು ತಡೆಯುತ್ತದೆ. ಓಣಿಗಳು ಇಕ್ಕಟ್ಟು, ಕಟ್ಟಡಗಳು ಎತ್ತರ. ಸತ್ತ ಬೆಕ್ಕು, ನಾಯಿಗಳನ್ನು ಜನರು ಬೀದಿಗೆ ಎಸೆಯುತ್ತಾರೆ. ಅವು ಅಲ್ಲಿಯೇ ಕೊಳೆಯುತ್ತವೆ. ಶೌಚದ ಕೊಳೆ ನೈಲ್ ನದಿಗೆ ಸೇರುತ್ತದೆ, ಅದೇ ನದಿಯ ನೀರನ್ನು ಜನರು ಕುಡಿಯುತ್ತಾರೆ. ಸ್ನಾನಗೃಹಗಳ ಒಲೆಗಳ ಹೊಗೆ ಊರಿನ ಮೇಲೆ ಕವಿಯುತ್ತದೆ. ಪಕ್ಕದ ಹೊಸ ಕೈರೋ ಅದಕ್ಕಿಂತ ತೆರೆದ ಬಯಲಿನಲ್ಲಿರುವುದರಿಂದ ಅಲ್ಲಿಯ ಸ್ಥಿತಿ ಲೇಸು ಎಂದು ಅವರು ಹೋಲಿಸುತ್ತಾರೆ. ನೀರನ್ನು ಶುದ್ಧಗೊಳಿಸಿ ಕುಡಿಯುವ ಕ್ರಮಗಳನ್ನೂ ಆ ಗ್ರಂಥ ತಿಳಿಸುತ್ತದೆ. ತಾನು ಬದುಕಿದ ನಾಡನ್ನು ಹೊಗಳಿ ಸುಮ್ಮನಾಗದೆ ಅದರ ಚರಂಡಿಗಳನ್ನೂ ಎಣಿಸಿದ ಈ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಗುತ್ತದೆ.

ಸ್ಥಳದ ಪರೀಕ್ಷೆ ಎಷ್ಟು ಸಹಜವಾದ ವಿಚಾರವಾಗಿತ್ತೆಂಬುದಕ್ಕೆ ಒಂದು ಪ್ರಸಿದ್ಧ ಕಥೆ ನಿದರ್ಶನವಾಗಿದೆ. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಆರಿಸುವಾಗ ಅಲ್‌ರಾಝಿ ನಗರದ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಅದು ಎಲ್ಲಿ ತಡವಾಗಿ ಕೆಟ್ಟಿತೋ ಅಲ್ಲಿ ಕಟ್ಟಲು ಹೇಳಿದರಂತೆ. ಕಥೆಯಲ್ಲಿ ಬರುವ ಅದುದಿ ಆಸ್ಪತ್ರೆ 982ರದ್ದು, ರಾಝಿಯವರ ಮರಣವಾದರೋ 925ರಲ್ಲಿ. ಹಾಗಾಗಿ ಅದು ಆ ಆಸ್ಪತ್ರೆಯ ಚರಿತ್ರೆಯಾಗಲಾರದು. ಆದರೆ ವೈದ್ಯನೊಬ್ಬನ ಜಾಣ್ಮೆಯನ್ನು ಹೊಗಳಬೇಕಾದಾಗ ಜನರು ಇಂಥ ಕಥೆಯನ್ನೇ ಹೇಳಿದರೆಂಬುದು ಗಮನಾರ್ಹ.

ಗ್ರಂಥಗಳಲ್ಲಿದ್ದ ತಿಳಿವಳಿಕೆ ಬೀದಿಗಿಳಿದದ್ದು ಹಿಸ್ಬಾ ವ್ಯವಸ್ಥೆಯ ಮೂಲಕ. ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನ ಕರ್ತವ್ಯಗಳನ್ನು ಕುರಿತು ಹನ್ನೆರಡನೆಯ ಶತಮಾನದಲ್ಲಿ ಶೈಝರಿ ಬರೆದ ಕೈಪಿಡಿಯಲ್ಲಿ ರೊಟ್ಟಿಯಂಗಡಿಯ ನಿಯಮಗಳಿವೆ. ಮಾಡು ಎತ್ತರವಾಗಿರಬೇಕು, ಹೊಗೆ ಹೋಗಲು ಕಿಂಡಿಗಳಿರಬೇಕು. ಹಿಟ್ಟನ್ನು ಕಾಲಿನಿಂದ ತುಳಿದು ನಾದಬಾರದು. ನಾದುವವನು ಸೀನಿದರೆ, ಮಾತನಾಡಿದರೆ ಎಂಜಲು ಸಿಡಿಯದಂತೆ ಬಾಯಿ ಮೂಗು ಮುಚ್ಚಿಕೊಳ್ಳಬೇಕು. ಬೆವರು ಬೀಳದಂತೆ ಹಣೆಗೆ ಪಟ್ಟಿ ಕಟ್ಟಿಕೊಳ್ಳಬೇಕು. ನೊಣ ಓಡಿಸಲು ಒಬ್ಬನಿರಬೇಕು. ದಾರಿಯಿಂದ ತೊಂದರೆಯನ್ನು ನಿವಾರಿಸುವುದು ಈಮಾನಿನ ಶಾಖೆಯೆಂದೂ, ನಿಂತ ನೀರನ್ನು, ಜನರು ನಡೆಯುವ ಹಾದಿಯನ್ನು, ಅವರು ಕುಳಿತುಕೊಳ್ಳುವ ನೆರಳನ್ನು ಮಲಿನಗೊಳಿಸಬಾರದೆಂದೂ ಪ್ರವಾದಿ(ಸ) ಕಲಿಸಿದ ಪಾಠ ಇಲ್ಲಿ ಆಡಳಿತದ ನಿಯಮವಾಯಿತು.

ಇಬ್ನ್ ಖಲ್ದೂನ್ 1377ರಲ್ಲಿ ಬರೆದ ಮುಖದ್ದಿಮದಲ್ಲಿ ಇನ್ನೊಂದು ಪ್ರಶ್ನೆಯನ್ನು ಎತ್ತಿದರು: ಬಯಲಿನ ಅಲೆಮಾರಿಗಳಿಗಿಂತ ನಗರವಾಸಿಗಳಿಗೆ ವೈದ್ಯರ ಅಗತ್ಯ ಹೆಚ್ಚೇಕೆ? ಅವರು ಮೂರು ಕಾರಣಗಳನ್ನು ಕೊಟ್ಟರು. ನಗರದವರು ಬಗೆಬಗೆಯ ಆಹಾರವನ್ನು ಬೆರೆಸಿ, ಹೊತ್ತುಗೊತ್ತಿಲ್ಲದೆ ಉಣ್ಣುತ್ತಾರೆ. ಅವರ ಗಾಳಿ ಕೊಳೆಯಿಂದ ಕೆಟ್ಟಿರುತ್ತದೆ. ಅವರ ಮೈಗೆ ದುಡಿಮೆಯಿಲ್ಲ. ಆರು ಶತಮಾನಗಳ ಹಿಂದಿನ ಈ ಮಾತುಗಳು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಇಂದಿನ ಮನೆಗಳ ಬಾಗಿಲನ್ನೇ ತಟ್ಟುವಂತಿವೆ.

ಹಾಗೆಂದು ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ನಾವು ವಾದಿಸಬಾರದು. ರೋಗಾಣುಗಳ ಅರಿವು ಅವರಿಗಿರಲಿಲ್ಲ. ಕೆಟ್ಟ ಗಾಳಿಯೇ ಪಿಡುಗನ್ನು ತರುತ್ತದೆಂದು ನಂಬಿದ್ದರು. ಅವರು ಆಧರಿಸಿದ ನಾಲ್ಕು ದೇಹರಸಗಳ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಅವರ ಉತ್ತರಗಳಲ್ಲಿ ಹಲವು ಹಳತಾಗಿವೆ, ಪ್ರಶ್ನೆ ಹಳತಾಗಿಲ್ಲ.

ಆ ಪ್ರಶ್ನೆ ನಮ್ಮ ಕನ್ನಡ ನಾಡಿಗೂ ಹೊಸದಲ್ಲ. ಬಿಜಾಪುರದ ಆದಿಲ್‌ಶಾಹಿಗಳು ಮಳೆ ಕಡಿಮೆಯಾದ ನೆಲದಲ್ಲಿ ರಾಜಧಾನಿಯನ್ನು ಬೆಳೆಸಿದರು. 1651ರಲ್ಲಿ ಮುಹಮ್ಮದ್ ಆದಿಲ್ ಷಾ ಕಟ್ಟಿಸಿದ ಬೇಗಂ ತಲಾಬಿನಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಕುಡಿಯುವ ನೀರು ನಗರಕ್ಕೆ ಹರಿಯುತ್ತಿತ್ತು. ನಡುನಡುವೆ ನಿಲ್ಲಿಸಿದ ಗಂಜ್ ಎಂಬ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸಿ ಹೂಳು ತಳಕ್ಕಿಳಿಯಲು ಅನುಕೂಲ ಮಾಡುತ್ತಿದ್ದವು. 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ವೈದ್ಯ ಪರಂಪರೆಯಲ್ಲಿ ಆ ಆರು ಕಾರಣಗಳು ಇಂದಿಗೂ ಮೂಲ ಪಾಠವಾಗಿವೆ.

ಆದರೆ ನಮ್ಮ ಮೊಹಲ್ಲಾಗಳಲ್ಲಿ ಆ ಪಾಠದ ಅರ್ಧ ಭಾಗವಷ್ಟೇ ಉಳಿದಿದೆ. ಕರಿಜೀರಿಗೆ, ಜೇನು, ಹಿಜಾಮಾಗಳ ಕುರಿತು ಉತ್ಸಾಹದಿಂದ ಮಾತನಾಡುತ್ತೇವೆ. ಮಸೀದಿಯ ಮುಂದಿನ ತೆರೆದ ಚರಂಡಿಯನ್ನು ದಾಟಿ ಒಳಬಂದು, ಹೊಟ್ಟೆಯ ಮೂರನೆಯ ಒಂದು ಭಾಗವನ್ನು ಖಾಲಿ ಬಿಡಬೇಕೆಂಬ ಉಪದೇಶವನ್ನು ಕೇಳುತ್ತೇವೆ. ಉಪದೇಶ ಸತ್ಯವೇ. ರಂಝಾನಿನಲ್ಲಿ ಇಫ್ತಾರಿನ ಹರಿವಾಣ ಕರಿದ ತಿಂಡಿಗಳಿಂದ ತುಂಬುವುದೂ, ಇಶಾದ ನಂತರದ ವ್ಯರ್ಥ ಮಾತುಕತೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲವೆಂದು ತಿಳಿದಿದ್ದೂ ನಮ್ಮ ಯುವಕರು ನಡುರಾತ್ರಿಯವರೆಗೆ ಎಚ್ಚರವಿರುವುದೂ ನಾವೇ ತಿದ್ದಿಕೊಳ್ಳಬೇಕಾದ ಸಂಗತಿಗಳು.

ಆದರೆ ಕರಾವಳಿಯ ಮನೆಗಳಲ್ಲಿ ತಂಬಾಕಿನ ಧೂಳಿನ ನಡುವೆ ಕುಳಿತು ಬೀಡಿ ಕಟ್ಟುವ ತಾಯಿಗೆ, ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡು ಬೇಯುವ ಹಬೆಯ ಮುಂದೆ ನಿಂತು ರೇಷ್ಮೆ ನೂಲು ತೆಗೆಯುವ ಕಾರ್ಮಿಕನಿಗೆ, ಶುದ್ಧ ಗಾಳಿ ಒಳ್ಳೆಯದೆಂದು ಉಪದೇಶಿಸಿ ಪ್ರಯೋಜನವೇನು? ಅವರ ಕೆಮ್ಮು ಅವರ ಅಜಾಗ್ರತೆಯ ಫಲವಲ್ಲ. ಮನೆಗೊಂದು ಕಿಟಕಿ, ಕೆಲಸದ ಕೋಣೆಗೊಂದು ಹೊಗೆಕಿಂಡಿ, ಓಣಿಗೊಂದು ಮುಚ್ಚಿದ ಚರಂಡಿ: ಇವು ಅವರ ಪಾಲಿಗೆ ಔಷಧಕ್ಕಿಂತ ಮೊದಲು ಸಲ್ಲಬೇಕಾದ ಹಕ್ಕುಗಳು.

ನಮ್ಮ ಜಮಾಅತ್ ಸಮಿತಿಗಳ ಸಭೆಗಳಲ್ಲಿ ಮಿನಾರದ ಎತ್ತರ, ನೆಲಹಾಸಿನ ಬಣ್ಣಗಳ ಕುರಿತು ದೀರ್ಘ ಚರ್ಚೆಗಳಾಗುತ್ತವೆ. ಕೇರಿಯ ಕುಡಿಯುವ ನೀರಿನ ಪರೀಕ್ಷೆ, ಕಸದ ವಿಲೇವಾರಿ, ಕಾರ್ಮಿಕರ ಮನೆಗಳ ಗಾಳಿ ಬೆಳಕುಗಳೂ ಅದೇ ಸಭೆಯ ವಿಷಯವಾದರೆ, ನಗರಸಭೆಯ ಮುಂದೆ ಇಡುವ ಬೇಡಿಕೆಯಾದರೆ, ಅದು ದೀನಿನ ಹೊರಗಿನ ಕೆಲಸವೇನೂ ಆಗದು. ನಿಯೋಗದ ಬಾಡಿದ ಮುಖಗಳನ್ನು ಕಂಡು ಖಲೀಫರು ಕೇಳಿದ ಪ್ರಶ್ನೆಯನ್ನು ನಮ್ಮ ನೆರೆಹೊರೆಯ ಮುಖಗಳನ್ನು ನೋಡಿ ಕೇಳುವ ಹೊಣೆ ಈಗ ನಮ್ಮದು. ಅಲ್ಲಾಹನು ಅದಕ್ಕೆ ಬೇಕಾದ ವಿವೇಕವನ್ನೂ ಒಗ್ಗಟ್ಟನ್ನೂ ನಮಗೆ ದಯಪಾಲಿಸಲಿ.