ಹಂಪೆಯ ರಥಬೀದಿಯೂ ಸ್ಥಳವಾಸಿಗಳೂ

ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಣ ರಥಬೀದಿಯಲ್ಲಿ ಜನವಸತಿಯು ಇರತಕ್ಕದ್ದೋ ಅಲ್ಲವೋ ಎಂಬ ವಿಷಯದಲ್ಲಿ ಎರಡು ಪಕ್ಷಗಳಿವೆ. ಪುರಾತನ ಮಂಟಪಗಳ ಕಂಬಗಳ ನಡುವೆ ಗೋಡೆಯೆತ್ತಿ ಮನೆ, ಅಂಗಡಿಗಳನ್ನು ಮಾಡಿಕೊಂಡವರು ಅತಿಕ್ರಮಿಗಳೆಂಬುದು ಪೂರ್ವಪಕ್ಷ. ಯಾತ್ರಿಕರಿಗೆ ಆಶ್ರಯವನ್ನಿತ್ತು ಜೀವಿಸುವವರನ್ನು ಕ್ಷೇತ್ರದಿಂದ ಬೇರ್ಪಡಿಸಲಾಗದೆಂಬುದು ಪ್ರತಿಪಕ್ಷ. ಇವುಗಳ ಬಲಾಬಲವನ್ನು ಇತಿಹಾಸದಿಂದ ಪರೀಕ್ಷಿಸುವುದು ಯುಕ್ತವು.

ಕ್ರಿ. ಶ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ದೇವಾಲಯದೆದುರಿನ ಬೀದಿಯ ಮನೆಗಳನ್ನೂ ಕೈಸಾಲೆಗಳನ್ನೂ ವರ್ಣಿಸಿ, ಅಲ್ಲಿ ಯಾತ್ರಿಕರು ಇಳಿದುಕೊಳ್ಳುತ್ತಿದ್ದರೆಂದು ಹೇಳಿರುವನು. ಆನೆಗೊಂದಿಗೆ ಹೊಳೆ ದಾಟಿಸುತ್ತಿದ್ದ, ಬುಟ್ಟಿಯಂತೆ ದುಂಡಾಗಿ ಹೊರಗೆ ತೊಗಲು ಹೊದಿಸಿದ ಹರಿಗೋಲುಗಳನ್ನೂ ಅವನು ಕಂಡಿದ್ದನು. ಆದುದರಿಂದ ಆಗಂತುಕರ ಉಪಚಾರವು ಈ ಸ್ಥಳಕ್ಕೆ ನೂತನವಲ್ಲ. ಆದರೆ 1565ರ ಯುದ್ಧಾನಂತರ ನಗರವು ಪಾಳುಬಿದ್ದಿತು. ಈಚಿನ ಅಂಗಡಿಕಾರರಿಗೂ ಪ್ರಾಚೀನರಿಗೂ ಸಾಮ್ಯವಿರುವುದು ವೃತ್ತಿಯಲ್ಲಿ. ಅಷ್ಟರಿಂದಲೇ ಸ್ವತ್ತಿನ ಹಕ್ಕು ಸಿದ್ಧಿಸದು.

1986ರಲ್ಲಿ ಯುನೆಸ್ಕೊ ಸಂಸ್ಥೆಯು ಹಂಪೆಯ ಸ್ಮಾರಕಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆನೆಗೊಂದಿಯ ಬಳಿಯ ಸೇತುವೆ ಮತ್ತು ವಿರೂಪಾಪುರ ಗಡ್ಡೆಯ ಕಾಲುಸೇತುವೆಗಳ ನಿರ್ಮಾಣದಿಂದ 1999ರಲ್ಲಿ ಅವು ಅಪಾಯದ ಪಟ್ಟಿಗೆ ಸೇರಿ, 2006ರಲ್ಲಿ ಅದರಿಂದ ಮುಕ್ತವಾದವು. ಹೊಳೆಯಾಚೆಯವರಿಗೆ ಸೇತುವೆಯು ಸಂತೆಗೂ ಆಸ್ಪತ್ರೆಗೂ ದಾರಿ. ಪರೀಕ್ಷಕರಿಗೆ ಅದೇ ಪರಿಸರಭಂಗ. ಆನೆಗೊಂದಿಯ ಸೇತುವೆಯು ಪೂರ್ತಿಯಾಗುವ ಮುನ್ನವೇ 2009ರಲ್ಲಿ ಕುಸಿದು ಪ್ರಾಣಹಾನಿಯಾಯಿತು. ನಡುವೆ 2002ರ ರಾಜ್ಯ ಶಾಸನವು ಈ ಪ್ರದೇಶದ ನಿರ್ವಹಣೆಗಾಗಿ ಪ್ರಾಧಿಕಾರವೊಂದನ್ನು ವಿಧಿಸಿತ್ತು. 2011ರ ಜುಲೈಯಲ್ಲಿ ರಥಬೀದಿಯ ಮನೆಗಳನ್ನೂ ಅಂಗಡಿಗಳನ್ನೂ ಕೆಡವಲಾಯಿತು. ಸಾಕಷ್ಟು ಮುನ್ಸೂಚನೆ ದೊರೆಯಲಿಲ್ಲವೆಂಬುದು ನಿವಾಸಿಗಳ ಆಕ್ಷೇಪವಾಗಿತ್ತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ವಿರೂಪಾಪುರ ಗಡ್ಡೆಯ ವಸತಿಗೃಹಗಳೂ ನೆಲಸಮವಾದವು.

ಇದಕ್ಕೆ ಭಿನ್ನವಾದ ನಿದರ್ಶನವು ಎದುರುದಡದ ಆನೆಗೊಂದಿಯಲ್ಲಿದೆ. 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆಯು ಅಲ್ಲಿನ ಸ್ತ್ರೀಯರಿಗೆ ಬಾಳೆನಾರಿನ ಕರಕುಶಲವನ್ನು ಕಲಿಸಿ, ಹಳೆಯ ಮನೆಗಳನ್ನು ಅತಿಥಿಗಳ ವಾಸಕ್ಕೆ ಯೋಗ್ಯವಾಗುವಂತೆ ಮಾಡಿಸಿತು. ಇಲ್ಲಿ ಪ್ರವಾಸಿಯ ಆಗಮನವು ಗ್ರಾಮದ ಜೀವನೋಪಾಯವಾಯಿತು. ಹಳೆಯ ಮನೆಯ ರಕ್ಷಣೆಯಲ್ಲಿ ಅಲ್ಲಿನವರಿಗೆ ಸ್ವಪ್ರಯೋಜನವೂ ಉಂಟಾಯಿತು.

ಇದರಿಂದ ನಿಷ್ಪನ್ನವಾಗುವುದಿಷ್ಟು: ಮಂಟಪಗಳು ಯಾರ ಸ್ವತ್ತೂ ಅಲ್ಲವೆಂಬ ಪೂರ್ವಪಕ್ಷವು ಗ್ರಾಹ್ಯವೇ, ಆದರೆ ಅದರಿಂದ ಸ್ಥಳವಾಸಿಗಳಿಗೆ ಮಾತೇ ಇಲ್ಲವೆಂದು ಸಾಧಿತವಾಗದು. ಚೈತ್ರಮಾಸದ ರಥೋತ್ಸವವು ಕಲ್ಲುಕಂಬಗಳಿಂದ ನಡೆಯುವುದಲ್ಲ, ಜನರಿಂದ ನಡೆಯುವುದು. ಯೋಜನೆಯು ಸಿದ್ಧವಾದ ಮೇಲೆ ಅವರಿಗೆ ತಿಳಿಸುವುದು ಕೇವಲ ಸೂಚನೆ. ಸಿದ್ಧವಾಗುವ ಮೊದಲೇ ಕೇಳುವುದು ಸಹಭಾಗಿತ್ವ. ಈ ಭೇದವನ್ನು ಗ್ರಹಿಸದ ರಕ್ಷಣೆಯು ಶಿಲೆಯನ್ನು ಉಳಿಸಬಲ್ಲದು, ಕ್ಷೇತ್ರವನ್ನು ಉಳಿಸಲಾರದು.